ಪ್ರಾರ್ಥನೆಯ ಹೊಣೆ ಯಾರದು?

(ನಮ್ಮ ದೇವಾಲಯದ ಶತಮಾನೋತ್ಸವದ ಅಂಗವಾಗಿ ನಡೆದ ಮೂರು ದಿನಗಳ ಧ್ಯಾನಕೂಟದ ಕೊನೆಯ ಸಂಜೆ ಧರ್ಮಕೇಂದ್ರದ ಗುರುಗಳು ನೀಡಿದ ಪ್ರವಚನದ ಲಿಖಿತ ರೂಪ)



ನೂರು ವರ್ಷ ತುಂಬಿದ ದೇವಾಲಯವೊಂದರ ಪೀಠದ ಮುಂದೆ ನಿಂತು ಮಾತನಾಡುವುದು ಸುಲಭವಲ್ಲ. ಗೋಡೆಗಳಿಗೆ ಸುಣ್ಣಬಣ್ಣವಾಗಿದೆ, ಗೋಪುರದ ಶಿಲುಬೆಗೆ ದೀಪಾಲಂಕಾರವಾಗಿದೆ, ದೂರದ ಊರುಗಳಲ್ಲಿ ನೆಲೆಸಿರುವ ನಮ್ಮ ಮಕ್ಕಳು ತಮ್ಮ ಮಕ್ಕಳನ್ನು ಕೈಹಿಡಿದು ಕರೆತಂದು, ತಾವು ಜ್ಞಾನಸ್ನಾನ ಪಡೆದ ತೊಟ್ಟಿಯನ್ನು ತೋರಿಸುತ್ತಿದ್ದಾರೆ. ಇವೆಲ್ಲವೂ ಉಚಿತವೇ, ದೇವರಿಗೆ ಸ್ತೋತ್ರವಾಗಲಿ. ಇಂತಹ ಸಂದರ್ಭದಲ್ಲಿ ಹೊಗಳಿಕೆಯ ಮಾತು ಸಲ್ಲುತ್ತದೆ, ಆತ್ಮಪರೀಕ್ಷೆಯ ಮಾತು ಅಷ್ಟಾಗಿ ಸಲ್ಲುವುದಿಲ್ಲ ಎಂಬುದನ್ನು ನಾವು ಬಲ್ಲೆವು. ಆದರೂ ಮೂರು ದಿನಗಳ ಧ್ಯಾನವನ್ನು ಮುಗಿಸಿ ಏಳುವ ಮುನ್ನ ಒಂದು ಪ್ರಶ್ನೆಯನ್ನು ನಿಮ್ಮ ಮುಂದೆಯೂ ನಮ್ಮ ಮುಂದೆಯೂ ಇಡದೆ ಹೋದರೆ ತಪ್ಪಾದೀತೆಂದು ಎಣಿಸಿ ಈ ಮಾತುಗಳನ್ನು ಆರಂಭಿಸುತ್ತೇವೆ.

ಗುರುದೀಕ್ಷೆ ಪಡೆದ ದಿನದಿಂದ ಇಂದಿನವರೆಗೆ ನಾವು ಅತಿ ಹೆಚ್ಚು ಬಾರಿ ಕೇಳಿದ ಮಾತು ಯಾವುದು? ಉತ್ತರ ಹೇಳಲು ಯೋಚಿಸಬೇಕಾಗಿಲ್ಲ. "ನಮಗಾಗಿ ಪ್ರಾರ್ಥಿಸಿ, ಸ್ವಾಮಿ." ಬಸ್ ನಿಲ್ದಾಣದಲ್ಲಿ, ಸಂತೆಯಲ್ಲಿ, ಮದುವೆಯೂಟದ ಪಂಕ್ತಿಯಲ್ಲಿ, ಆಸ್ಪತ್ರೆಯ ಮೆಟ್ಟಿಲುಗಳ ಮೇಲೆ ಈ ಮಾತು ನಮ್ಮ ಕಿವಿಗೆ ಬಿದ್ದಿದೆ. ನಾವು "ಆಗಲಮ್ಮ", "ಆಗಲಪ್ಪ" ಎನ್ನುತ್ತೇವೆ. ಹಾಗೆ ಒಪ್ಪಿಕೊಂಡದ್ದರಲ್ಲಿ ಎಷ್ಟನ್ನು ನಡೆಸಿಕೊಟ್ಟಿದ್ದೇವೆ ಎಂಬ ಲೆಕ್ಕ ದೇವರ ಬಳಿ ಇದೆ. ಅದು ಹೆಮ್ಮೆಪಡುವಂತಹ ಲೆಕ್ಕವಲ್ಲವೆಂಬುದು ನಮಗೂ ಗೊತ್ತು.

ಪ್ರಾರ್ಥನೆಯನ್ನು ಬೇಡುವುದು ತಪ್ಪೇ? ಖಂಡಿತ ಅಲ್ಲ. ಸಂತ ಪೌಲನಂತಹ ಮಹಾಪ್ರೇಷಿತನೇ ತಾನು ಸ್ಥಾಪಿಸಿದ ಸಭೆಗಳಿಗೆ ಪತ್ರ ಬರೆಯುವಾಗ ತನಗಾಗಿ ಪ್ರಾರ್ಥಿಸಬೇಕೆಂದು ಮತ್ತೆ ಮತ್ತೆ ಕೇಳಿಕೊಂಡನು. ಆದರೆ ಕೇಳುವುದರಲ್ಲಿ ಎರಡು ಬಗೆಗಳಿವೆ. ಹೊರೆ ಹೊತ್ತವನೊಬ್ಬನು ದಾರಿಯಲ್ಲಿ ನಿಂತು, "ಸ್ವಲ್ಪ ಹೆಗಲು ಕೊಡಿ, ಇಬ್ಬರೂ ಹೊರೋಣ" ಎಂದು ಕರೆಯುವುದು ಒಂದು ಬಗೆ. ಹೊರೆಯನ್ನು ಪೂರ್ತಿಯಾಗಿ ಇನ್ನೊಬ್ಬರ ಹೆಗಲಿಗೆ ಸರಿಸಿ, ಕೈಬೀಸಿಕೊಂಡು ಹೊರಟುಹೋಗುವುದು ಇನ್ನೊಂದು ಬಗೆ. ಸಂತ ಮಾರ್ಕನ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ ಪಾರ್ಶ್ವವಾಯು ರೋಗಿಯೊಬ್ಬನನ್ನು ನಾಲ್ವರು ಹೊತ್ತು ತಂದರು. ಬಾಗಿಲಲ್ಲಿ ಜನಸಂದಣಿ. ಅವರು ಹಿಂದಿರುಗಲಿಲ್ಲ, ಮಾಳಿಗೆ ಹತ್ತಿ, ಚಾವಣಿಯನ್ನು ಬಿಚ್ಚಿ, ಹಾಸಿಗೆಸಮೇತ ಅವನನ್ನು ಕೆಳಗಿಳಿಸಿದರು. ಪ್ರಭು ಯೇಸು ಕಂಡದ್ದು ಆ ಹೊತ್ತುತಂದವರ ವಿಶ್ವಾಸವನ್ನು ಎಂದು ಶುಭಸಂದೇಶಕಾರನು ಬರೆಯುತ್ತಾನೆ. ಅವರಲ್ಲಿ ಯಾರೂ ಯಾಜಕರಾಗಿದ್ದರೆಂದು ಅಲ್ಲಿ ಹೇಳಿಲ್ಲ. ನೆರೆಯವರೋ ನೆಂಟರೋ ಇದ್ದಿರಬೇಕು.

ಕಳೆದ ಹಬ್ಬದ ನವೇನದ ಸಮಯದಲ್ಲಿ ಮಾತೆ ಮರಿಯಳ ಸ್ವರೂಪದ ಬಳಿ ಇಟ್ಟಿದ್ದ ಕೋರಿಕೆಯ ಪೆಟ್ಟಿಗೆಯನ್ನು ನಾವೇ ತೆರೆದು, ಬಂದ ಚೀಟಿಗಳನ್ನೆಲ್ಲ ಓದಿದೆವು. ಕೆಲಸ, ವೀಸಾ, ಮಗಳ ಮದುವೆ, ಮನೆ ಕಟ್ಟುವ ಸಾಲ, ಮೊಣಕಾಲು ನೋವು, ಕೋರ್ಟಿನ ವ್ಯಾಜ್ಯ. ಇವು ಯಾವುವೂ ತುಚ್ಛವಾದವಲ್ಲ. ಅನುದಿನದ ಆಹಾರವನ್ನು ಬೇಡಿಕೊಳ್ಳಲು ಕಲಿಸಿದ ಪ್ರಭುವಿಗೆ ನಿಮ್ಮ ಮೊಣಕಾಲಿನ ನೋವು ಅಲ್ಪವಾಗಿ ಕಾಣುವುದಿಲ್ಲ. ಆದರೆ ಆ ರಾಶಿಯಲ್ಲಿ ತನ್ನ ಕೋಪವನ್ನು ತೆಗೆದುಹಾಕೆಂದು ಕೇಳಿದವರು ಎಷ್ಟು ಮಂದಿ, ನೆರೆಮನೆಯವರ ಮಗುವಿಗಾಗಿ ಕೇಳಿದವರು ಎಷ್ಟು ಮಂದಿ ಎಂದು ಹುಡುಕಿ ನೋಡಿದಾಗ ಮನಸ್ಸು ಭಾರವಾಯಿತು. ಒಂದೇ ಒಂದು ಚೀಟಿಯಲ್ಲಿ, ಪೆನ್ಸಿಲಿನಲ್ಲಿ, ಹೀಗೊಂದು ಬೇಡಿಕೆಯಿತ್ತು: ಯಾರೊಡನೆ ಹೊಲದ ಬದುವಿನ ಜಗಳವಿದೆಯೋ ಆ ಮನೆಯ ಹೆಂಗಸಿಗೆ ಕಾಯಿಲೆ ಗುಣವಾಗಲಿ. ಹೆಸರಿರಲಿಲ್ಲ. ಬರೆದವರು ಯಾರೆಂದು ನಾವು ಪತ್ತೆಮಾಡಲು ಹೋಗಲಿಲ್ಲ. ಆ ಚೀಟಿಯನ್ನು ಮಾತ್ರ ನಮ್ಮ ಪ್ರಾರ್ಥನಾ ಪುಸ್ತಕದಲ್ಲಿ ಇಟ್ಟುಕೊಂಡಿದ್ದೇವೆ.

ಈಗ ನಾವು ಹೇಳಲಿರುವ ಘಟನೆಯನ್ನು ಸಂಬಂಧಪಟ್ಟ ಮಗನ ಅನುಮತಿ ಪಡೆದೇ ಹೇಳುತ್ತಿದ್ದೇವೆ. 2021ರ ಮೇ ತಿಂಗಳು. ಕೊರೋನಾ ವ್ಯಾಧಿಯ ಎರಡನೆಯ ಅಲೆ ನಾಡನ್ನು ತತ್ತರಗೊಳಿಸಿದ್ದ ದಿನಗಳು. ದೇವಾಲಯದ ಬಾಗಿಲು ಮುಚ್ಚಿತ್ತು. ನಾವು ಒಬ್ಬರೇ ಬಲಿಪೂಜೆ ಅರ್ಪಿಸುತ್ತಿದ್ದೆವು. ಒಂದು ರಾತ್ರಿ ಹನ್ನೊಂದರ ಸುಮಾರಿಗೆ ದೂರವಾಣಿ ಕರೆ ಬಂತು. ನಗರದ ಆಸ್ಪತ್ರೆಯೊಂದರ ಹೊರಗೆ ನಿಂತಿದ್ದ ನಮ್ಮ ಧರ್ಮಕೇಂದ್ರದವರೊಬ್ಬರ ಮಗ. ಒಳಗೆ ತಂದೆಗೆ ಉಸಿರು ಸಾಲದಾಗಿತ್ತು. "ಸ್ವಾಮಿ, ಅಪ್ಪನಿಗಾಗಿ ಪ್ರಾರ್ಥಿಸಿ" ಎಂದ. ಎಂದಿನಂತೆ "ಆಗಲಪ್ಪ, ಬೆಳಿಗ್ಗೆ ಪೂಜೆಯಲ್ಲಿ ನೆನೆಯುತ್ತೇವೆ" ಎಂದೆವು. ಅವನು ಕರೆಯನ್ನು ಮುಗಿಸಲಿಲ್ಲ. ಒಳಗಿದ್ದ ದಾದಿಯೊಬ್ಬಳು ತನ್ನ ಫೋನನ್ನು ತಂದೆಯ ಕಿವಿಯ ಬಳಿ ಹಿಡಿಯಲು ಒಪ್ಪಿದ್ದಾಳೆ, ಎರಡು ನಿಮಿಷ ಸಿಗುತ್ತದೆ ಎಂದ. ಬಳಿಕ ಕೇಳಿದ: "ನಾನು ಏನು ಹೇಳಲಿ, ಸ್ವಾಮಿ?"

"ನಿಮ್ಮ ಮನೆಯಲ್ಲಿ ಸಂಜೆ ಏನು ಹೇಳುತ್ತಿದ್ದಿರೋ ಅದನ್ನೇ ಹೇಳು, ಮಗು" ಎಂದೆವು.

ಬಹಳ ಹೊತ್ತು ಮೌನ. "ಅಜ್ಜಿ ಹೋದ ಮೇಲೆ ನಮ್ಮ ಮನೆಯಲ್ಲಿ ಅದು ನಿಂತುಹೋಯಿತು, ಸ್ವಾಮಿ. ನನಗೆ ಪೂರ್ತಿ ಬರುವುದಿಲ್ಲ."

ನಾವು ಒಂದೊಂದೇ ಸಾಲನ್ನು ಹೇಳಿಕೊಟ್ಟೆವು. ಅವನು ಶಾಲೆಯ ಹುಡುಗನಂತೆ ಹಿಂದೆಯೇ ಹೇಳಿದ. ನಮೋ ಮರಿಯಾ ಪ್ರಾರ್ಥನೆಯ ನಡುವೆ, ಮರಣದ ಗಳಿಗೆಯ ಮಾತು ಬರುವುದಕ್ಕೆ ಮುಂಚೆ, ಅವನಿಗೆ ಮುಂದೆ ಹೇಳಲಾಗಲಿಲ್ಲ. ತಂದೆಯವರು ಮುಂಜಾನೆ ತೀರಿಕೊಂಡರು. ಆ ಎರಡು ನಿಮಿಷಗಳಲ್ಲಿ ಅವನು ಏನು ಹೇಳಿದನೆಂದು ನಾವು ಕೇಳಿಲ್ಲ, ಅವನೂ ಹೇಳಿಲ್ಲ.

ಪ್ರಿಯರೇ, ಆ ರಾತ್ರಿ ನಾವು ನಿದ್ರಿಸಲಿಲ್ಲ. ಕಾರಣ ಹೇಳಿಬಿಡುತ್ತೇವೆ. ಅನೇಕ ವರ್ಷಗಳ ಹಿಂದೆ ಇದೇ ಧರ್ಮಕೇಂದ್ರದಲ್ಲಿ ಸಹಾಯಕ ಗುರುಗಳಾಗಿದ್ದಾಗ ಆ ಹುಡುಗನನ್ನು ಪ್ರಥಮ ಪರಮಪ್ರಸಾದಕ್ಕೆ ಸಿದ್ಧಪಡಿಸಿದವರು ನಾವೇ. ಬಿಳಿಯ ಅಂಗಿ ತೊಟ್ಟು, ಮೇಣದ ಬತ್ತಿ ಹಿಡಿದು, ಸಾಲಿನಲ್ಲಿ ಹೇಗೆ ನಡೆಯಬೇಕು, ಎಲ್ಲಿ ಮಂಡಿಯೂರಬೇಕು ಎಂಬುದನ್ನು ಮೂರು ಬಾರಿ ಅಭ್ಯಾಸ ಮಾಡಿಸಿದ್ದೆವು. ಸಾಲಿನಲ್ಲಿ ನಡೆಯಲು ಕಲಿಸಿದ್ದೆವು. ಗುರುಗಳಿಲ್ಲದ ಜಾಗದಲ್ಲಿ, ಕತ್ತಲಲ್ಲಿ, ತಾನೊಬ್ಬನೇ ನಿಂತು ತನ್ನ ತಂದೆಗಾಗಿ ದೇವರೊಡನೆ ಮಾತನಾಡಲು ಕಲಿಸಿರಲಿಲ್ಲ. ಪ್ರಾರ್ಥನೆಯ ಹೊಣೆಯನ್ನು ನೀವು ನಮ್ಮ ಹೆಗಲಿಗೆ ಸರಿಸಿದಿರೆಂದು ಆಗಲೇ ದೂರಿದೆವಲ್ಲ, ಅದನ್ನು ನಾವೂ ಸಂತೋಷದಿಂದಲೇ ಇಸಿದುಕೊಂಡಿದ್ದೆವು. ಜನರಿಗೆ ತಾನು ಅನಿವಾರ್ಯನೆಂದು ತೋರುವುದು ಗುರುವಿಗೆ ಹಿತವಾಗಿರುತ್ತದೆ. ಇದು ನಮ್ಮ ತಪ್ಪೊಪ್ಪಿಗೆ.

ಗುರುಗಳೇ ಇಲ್ಲದಿದ್ದರೆ ವಿಶ್ವಾಸ ಉಳಿಯುವುದೇ ಎಂಬ ಪ್ರಶ್ನೆಗೆ ಧರ್ಮಸಭೆಯ ಚರಿತ್ರೆಯಲ್ಲಿ ಉತ್ತರವಿದೆ. ಯಾರ ಪಾರ್ಥಿವ ಶರೀರವು ಗೋವೆಯಲ್ಲಿದೆಯೋ ಆ ಸಂತ ಫ್ರಾನ್ಸಿಸ್ ಕ್ಸೇವಿಯರರು 1549ರಲ್ಲಿ ಜಪಾನ್ ದೇಶದಲ್ಲಿ ಕಾಲಿಟ್ಟು ಶುಭಸಂದೇಶವನ್ನು ಸಾರಿದರು. 1614ರಲ್ಲಿ ಅಲ್ಲಿನ ಆಳರಸರು ಕ್ರೈಸ್ತ ಧರ್ಮವನ್ನು ದೇಶದಾದ್ಯಂತ ನಿಷೇಧಿಸಿದರು. ಗುರುಗಳನ್ನು ಹೊರದೂಡಿದರು, ಅಡಗಿ ಉಳಿದವರನ್ನು ಹಿಡಿದು ಕೊಂದರು. ಮುಂದೆ ಇನ್ನೂರಕ್ಕೂ ಹೆಚ್ಚು ವರ್ಷಗಳ ಕಾಲ ಆ ನಾಡಿನ ಕ್ರೈಸ್ತರಿಗೆ ಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ, ದೇವಾಲಯವಿಲ್ಲ. 1865ರ ಮಾರ್ಚ್ 17ರಂದು, ನಾಗಸಾಕಿಯಲ್ಲಿ ವಿದೇಶೀಯರಿಗೆಂದು ಹೊಸದಾಗಿ ಕಟ್ಟಿದ್ದ ದೇವಾಲಯದ ಬಳಿಗೆ ಉರಕಾಮಿ ಎಂಬ ಹಳ್ಳಿಯ ಕೆಲವರು ಬಂದರು. ಅಲ್ಲಿದ್ದ ಗುರು ಬರ್ನಾರ್ಡ್ ಪೆಟಿಜಾನ್, ನಮ್ಮ ಮೈಸೂರು ಸೀಮೆಯಲ್ಲಿ ದುಡಿದು ದೇವಾಲಯಗಳನ್ನು ಕಟ್ಟಿದ ಪ್ಯಾರಿಸ್ಸಿನ ವಿದೇಶೀ ಮಿಷನ್ ಸಂಸ್ಥೆಗೇ ಸೇರಿದವರು. ಬಂದವರಲ್ಲಿ ಒಬ್ಬ ಹೆಂಗಸು ಅವರ ಸಮೀಪಕ್ಕೆ ಬಂದು, ತಮ್ಮೆಲ್ಲರ ಹೃದಯವೂ ಅವರ ಹೃದಯವೂ ಒಂದೇ ಎಂಬರ್ಥದ ಮಾತನ್ನು ಮೆಲ್ಲನೆ ಹೇಳಿ, ಮರಿಯಮ್ಮನವರ ಸ್ವರೂಪ ಎಲ್ಲಿದೆ ಎಂದು ಕೇಳಿದಳು.

ಆ ಗುರುಗಳಿಗೆ ಹೇಗೆನಿಸಿರಬಹುದು, ಊಹಿಸಿ. ಏಳೆಂಟು ತಲೆಮಾರುಗಳು ಸರಿದುಹೋಗಿದ್ದವು. ಈ ವಿಶ್ವಾಸವನ್ನು ಕಾಪಾಡಿದವರು ಯಾರು? ಹಳ್ಳಿಯ ರೈತರು, ಬೆಸ್ತರು, ಅವರ ಮನೆಯ ಹೆಂಗಸರು. ಪ್ರತಿ ಹಳ್ಳಿಯಲ್ಲಿಯೂ ಹೊಣೆಯನ್ನು ಹಂಚಿಕೊಂಡಿದ್ದರು. ಹಬ್ಬ, ಉಪವಾಸಗಳ ಪಂಚಾಂಗವನ್ನು ನೆನಪಿಟ್ಟು ಹೇಳುವವನೊಬ್ಬ. ಹುಟ್ಟಿದ ಮಕ್ಕಳಿಗೆ ಜ್ಞಾನಸ್ನಾನ ಕೊಡುವವನೊಬ್ಬ. ಲತೀನ್ ಹಾಗೂ ಪೋರ್ಚುಗೀಸ್ ಶಬ್ದಗಳು ಬೆರೆತ ಪ್ರಾರ್ಥನೆಗಳನ್ನು ಅರ್ಥ ಪೂರ್ತಿಯಾಗಿ ತಿಳಿಯದಿದ್ದರೂ ಪಿಸುದನಿಯಲ್ಲಿ ಬಾಯಿಪಾಠ ಮಾಡಿಸುತ್ತಿದ್ದರು. ಕೇಳಿಸಿದರೆ ಪ್ರಾಣಕ್ಕೆ ಅಪಾಯ. ನಮ್ಮ ಕರ್ನಾಟಕದಲ್ಲಿಯೂ ಇದಕ್ಕೆ ಸಮಾನವಾದ ಕಾಲವಿತ್ತು. 1784ರಿಂದ 1799ರವರೆಗೆ ಕರಾವಳಿಯ ಕ್ರೈಸ್ತರು ಶ್ರೀರಂಗಪಟ್ಟಣದ ಸೆರೆಯಲ್ಲಿ ಕಳೆದ ವರ್ಷಗಳಲ್ಲಿ ವಿಶ್ವಾಸವನ್ನು ಹೊತ್ತು ನಡೆದದ್ದು ತಾಯಂದಿರ ಬಾಯಿಪಾಠವೇ. ನಾವು ಇಂದು ದೇವಾಲಯದಲ್ಲಿ ಧ್ವನಿವರ್ಧಕವನ್ನಿಟ್ಟು ಪ್ರಾರ್ಥಿಸುತ್ತೇವೆ. ಮನೆಯಲ್ಲಿ ಮಾತ್ರ ಪಿಸುದನಿಯೂ ಕೇಳುವುದಿಲ್ಲ.

ಮನೆ ಎಂದೆವು. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಎಲ್ಲವೂ ಇಲ್ಲಿಯೇ ಉಳಿಯುತ್ತದೆ, ಇಲ್ಲವೇ ಇಲ್ಲಿಯೇ ಅಳಿಯುತ್ತದೆ. 1964ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ಹೊರಡಿಸಿದ ಧರ್ಮಸಭೆಯನ್ನು ಕುರಿತ ಸಂವಿಧಾನವು ಕ್ರೈಸ್ತ ಕುಟುಂಬವನ್ನು ಮನೆಯೊಳಗಿನ ಧರ್ಮಸಭೆಯೆಂದು ಪರಿಗಣಿಸಿ, ಮಕ್ಕಳಿಗೆ ವಿಶ್ವಾಸದ ಮೊದಲ ಬೋಧಕರು ತಂದೆತಾಯಿಗಳೇ ಎಂದು ಸಾರಿತು. ಗುರುಮಠದಲ್ಲಿ ಈ ವಾಕ್ಯವನ್ನು ನಾವು ಪರೀಕ್ಷೆಗಾಗಿ ಓದಿದ್ದೆವು. ಅದರ ತೂಕ ತಿಳಿದದ್ದು ಆ ದೂರವಾಣಿಯ ರಾತ್ರಿ.

ಯೋಬನ ಗ್ರಂಥವನ್ನು ಎಲ್ಲರೂ ಅವನ ಹುಣ್ಣುಗಳಿಗಾಗಿ, ತಾಳ್ಮೆಗಾಗಿ ನೆನೆಯುತ್ತಾರೆ. ಮೊದಲ ಅಧ್ಯಾಯದ ಆರಂಭದಲ್ಲಿಯೇ ಇರುವ ಒಂದು ಸಂಗತಿಯನ್ನು ಬಹಳ ಮಂದಿ ಗಮನಿಸುವುದಿಲ್ಲ. ಅವನ ಮಕ್ಕಳು ಸರದಿಯಂತೆ ತಮ್ಮ ತಮ್ಮ ಮನೆಗಳಲ್ಲಿ ಔತಣ ನಡೆಸುತ್ತಿದ್ದರು. ಔತಣದ ಸುತ್ತು ಮುಗಿದಾಗ ಯೋಬನು ಬೆಳಗಾಗುವ ಮುನ್ನವೇ ಎದ್ದು, ಒಬ್ಬೊಬ್ಬ ಮಗುವಿನ ಹೆಸರಿನಲ್ಲಿ ಒಂದೊಂದು ಬಲಿಯನ್ನು ಅರ್ಪಿಸುತ್ತಿದ್ದನು. ಅವರು ಪಾಪ ಮಾಡಿದ್ದಾರೆಂದು ಅವನಿಗೆ ತಿಳಿದಿರಲಿಲ್ಲ. ಮನಸ್ಸಿನಲ್ಲಿಯಾದರೂ ಎಡವಿರಬಹುದೇನೋ ಎಂಬ ತಂದೆಯ ಕಳವಳ ಅದು. ಮಕ್ಕಳು ಬೆಳೆದು ಬೇರೆ ಮನೆ ಮಾಡಿದ್ದರು. ಆದರೂ ಅವನ ಹೊಣೆ ತೀರಿರಲಿಲ್ಲ. ಇಲ್ಲಿ ಪ್ರಾರ್ಥಿಸುತ್ತಿರುವವನು ತಂದೆ ಎಂಬುದನ್ನು ಗಮನಿಸಿ. ನಮ್ಮಲ್ಲಿ ಪ್ರಾರ್ಥನೆ ಹೆಂಗಸರ ಕೆಲಸವೆಂಬ ಭಾವನೆ ಬೇರೂರಿಬಿಟ್ಟಿದೆ. ತಾಯಿ ಜಪಸರ ಹಿಡಿದು ಕೂರುವಾಗ ತಂದೆ ಜಗಲಿಯಲ್ಲಿ ದಿನಪತ್ರಿಕೆ ಹಿಡಿದಿರುತ್ತಾನೆ. ಹತ್ತು ವರ್ಷದ ಗಂಡುಮಗು ಇಬ್ಬರನ್ನೂ ನೋಡುತ್ತದೆ. ದೊಡ್ಡವನಾದ ಮೇಲೆ ಯಾವ ಕಡೆ ಕೂರಬೇಕೆಂಬುದನ್ನು ಅದು ಅಂದೇ ತೀರ್ಮಾನಿಸಿಕೊಳ್ಳುತ್ತದೆ.

ತಾಯಂದಿರ ಪ್ರಾರ್ಥನೆಯೆಂದರೆ ಸಂತ ಮೋನಿಕಳ ಹೆಸರನ್ನು ನೀವು ಅನೇಕ ಬಾರಿ ಕೇಳಿದ್ದೀರಿ. ಅವಳು ಅತ್ತಳು, ಮಗನು ತಿರುಗಿದನು ಎಂದಷ್ಟೇ ಹೇಳಿ ಮುಗಿಸುವುದು ವಾಡಿಕೆ. ಅಷ್ಟು ಸರಳವಲ್ಲ ಅದು. 383ರಲ್ಲಿ ಮಗ ಅಗಸ್ಟೀನನು ಆಫ್ರಿಕಾದ ಕಾರ್ಥೇಜ್ ನಗರವನ್ನು ಬಿಟ್ಟು ರೋಮಿಗೆ ಹೋಗಲು ನಿಶ್ಚಯಿಸಿದನು. ಕಣ್ಣಳತೆಯಿಂದ ದೂರವಾದರೆ ಮಗ ಪೂರ್ತಿಯಾಗಿ ಕೈತಪ್ಪಿಹೋದಾನೆಂಬ ಭಯದಿಂದ ತಾಯಿ ಅವನನ್ನು ಬಿಡದೆ ಬಂದರಿನವರೆಗೂ ಹಿಂಬಾಲಿಸಿದಳು. ಗೆಳೆಯನೊಬ್ಬನನ್ನು ಬೀಳ್ಕೊಡಬೇಕಾಗಿದೆಯೆಂದು ಸುಳ್ಳು ಹೇಳಿ, ಸಮೀಪದಲ್ಲಿದ್ದ ಸಂತ ಸಿಪ್ರಿಯಾನರ ಪ್ರಾರ್ಥನಾಲಯದಲ್ಲಿ ತಾಯಿಯನ್ನು ಕುಳ್ಳಿರಿಸಿ, ರಾತ್ರಿಯೇ ಅವನು ಹಡಗು ಹತ್ತಿಬಿಟ್ಟನು. ಅವನು ಹೋಗದಿರಲೆಂದು ಅವಳು ಒಳಗೆ ಬೇಡಿಕೊಳ್ಳುತ್ತಿದ್ದಳು. ಹೊರಗೆ ಹಡಗು ಹೊರಟುಹೋಯಿತು. ಬೆಳಿಗ್ಗೆ ದಡದಲ್ಲಿ ನಿಂತು ಗೋಳಾಡಿದಳು. ಆ ರಾತ್ರಿಯ ಬೇಡಿಕೆಯನ್ನು ದೇವರು ನಡೆಸಿಕೊಡಲಿಲ್ಲ. ನಡೆಸಿಕೊಟ್ಟಿದ್ದರೆ ಮಗ ಕಾರ್ಥೇಜಿನಲ್ಲಿಯೇ ಉಳಿಯುತ್ತಿದ್ದ. ರೋಮಿನಿಂದ ಮಿಲಾನಿಗೆ ಹೋಗಿ ಅಲ್ಲಿನ ಧರ್ಮಾಧ್ಯಕ್ಷ ಅಂಬ್ರೋಸರ ಪ್ರಬೋಧನೆಯನ್ನು ಕೇಳುತ್ತಿರಲಿಲ್ಲ. 387ರ ಪಾಸ್ಕ ಹಬ್ಬದಲ್ಲಿ ಅಂಬ್ರೋಸರ ಕೈಯಿಂದಲೇ ಅವನು ಜ್ಞಾನಸ್ನಾನ ಪಡೆದನು. ತಾನು ಅಂದು ಕೇಳಿದ್ದನ್ನು ದೇವರು ಕೊಡದೆಹೋದದ್ದು ತಾನು ಎಂದೆಂದೂ ಕೇಳುತ್ತಿದ್ದುದನ್ನು ಕೊಡುವುದಕ್ಕಾಗಿ ಎಂಬುದು ಆ ತಾಯಿಗೆ ತಿಳಿಯಲು ನಾಲ್ಕು ವರ್ಷಗಳು ಹಿಡಿದವು.

ಇದನ್ನು ಏಕೆ ಇಷ್ಟು ವಿಸ್ತರಿಸಿದೆವೆಂದರೆ, ನಮ್ಮ ನಡುವೆ ಇಂತಹ ದಡದಲ್ಲಿ ನಿಂತ ತಾಯಂದಿರಿದ್ದಾರೆ. ಮಗ ದುಬೈಗೆ ಹೋದ, ಮಗಳು ಬೆಂಗಳೂರಿಗೆ ಹೋದಳು, ಪೂಜೆಗೆ ಹೋಗುತ್ತಾರೋ ಇಲ್ಲವೋ ತಿಳಿಯದು, ಕೇಳಿದರೆ ಸಿಡುಕುತ್ತಾರೆ. "ಇಷ್ಟು ವರ್ಷ ಬೇಡಿದೆ, ಏನೂ ಆಗಲಿಲ್ಲ, ಸ್ವಾಮಿ" ಎಂದು ನಮ್ಮ ಬಳಿ ಅತ್ತವರಿದ್ದಾರೆ. ಅವರಿಗೆ ಹೇಳಲು ನಮ್ಮ ಬಳಿ ಸಿದ್ಧ ಉತ್ತರವಿಲ್ಲ. ಮೋನಿಕಳಿಗೆ ಸಿಕ್ಕ ಫಲ ಎಲ್ಲ ತಾಯಂದಿರಿಗೂ ಕಣ್ಣೆದುರಿಗೇ ಸಿಗುವುದೆಂದು ಹೇಳಿದರೆ ಅದು ಸುಳ್ಳಾದೀತು. ಆದರೆ ಅವಳು ಹಡಗಿನ ಹಿಂದೆಯೇ ಸಮುದ್ರ ದಾಟಿ ಹೋದಳು. ಹೋಗಲಾರದವರ ಪ್ರಾರ್ಥನೆಯಾದರೂ ಹೋಗಬೇಕು.

ಈಗಿನ ಸಂಸಾರಗಳ ಕಷ್ಟ ನಮಗೆ ತಿಳಿಯದ್ದಲ್ಲ. ಗಾರ್ಮೆಂಟ್ಸ್ ಕಾರ್ಖಾನೆಯಿಂದ ಹೆಂಡತಿ ಬರುವ ಹೊತ್ತಿಗೆ ಗಂಡ ರಾತ್ರಿ ಪಾಳಿಗೆ ಹೊರಟಿರುತ್ತಾನೆ; ಮಕ್ಕಳಿಗೆ ಟ್ಯೂಷನ್. ನಮ್ಮ ಅಜ್ಜಿಯರ ಕಾಲದಂತೆ ಜಪಸರದೊಡನೆ ಸಂತರ ಮನವಿಮಾಲೆಗಳನ್ನೆಲ್ಲ ಮುಗಿಸಿ ಏಳಬೇಕೆಂದು ನಾವು ಹೇಳುತ್ತಿಲ್ಲ. ಒಂದು ಮಾತನ್ನು ಧೈರ್ಯದಿಂದಲೇ ಹೇಳುತ್ತೇವೆ: ತೂಕಡಿಸುವ ಮಗುವನ್ನು ತಿವಿದು ಎಬ್ಬಿಸಿ, ರೈಲಿನ ವೇಗದಲ್ಲಿ ಐವತ್ತು ಮಣಿಗಳನ್ನು ಉರುಳಿಸುವುದಕ್ಕಿಂತ ಒಂದೇ ರಹಸ್ಯವನ್ನು ಧ್ಯಾನಿಸಿ ಹತ್ತು ಮಣಿಗಳನ್ನು ನಿಧಾನವಾಗಿ ಹೇಳುವುದು ಮೇಲು. ಐದು ನಿಮಿಷ ಸಾಕು. ಆದರೆ ಆ ಐದು ನಿಮಿಷಗಳಲ್ಲಿ ಮನೆಯ ಪ್ರತಿಯೊಬ್ಬರ ಹೆಸರು ಗಟ್ಟಿಯಾಗಿ ಬರಲಿ. ತನ್ನ ಹೆಸರನ್ನು ತಂದೆಯ ಬಾಯಿಂದ ದೇವರ ಮುಂದೆ ಕೇಳಿದ ಮಗು ಅದನ್ನು ಮರೆಯುವುದಿಲ್ಲ.

ತನಗಾಗಿ ತಾನು ಪ್ರಾರ್ಥಿಸುವುದು ಸ್ವಾರ್ಥವಲ್ಲವೇ ಎಂದು ಯುವಕನೊಬ್ಬನು ನಿನ್ನೆ ಪ್ರಶ್ನಿಸಿದ್ದನು. ಸಂತ ಯೊವಾನ್ನನ ಶುಭಸಂದೇಶದ ಹದಿನೇಳನೆಯ ಅಧ್ಯಾಯವನ್ನು ಮನೆಗೆ ಹೋಗಿ ಓದು, ಮಗು. ತಾವು ಹಿಡಿಯಲ್ಪಡಲಿದ್ದ ರಾತ್ರಿ ಪ್ರಭು ಯೇಸು ಮೊದಲು ತಮಗಾಗಿ, ಅನಂತರ ತಮ್ಮ ಶಿಷ್ಯರಿಗಾಗಿ, ಕೊನೆಗೆ ಆ ಶಿಷ್ಯರ ಮಾತಿನಿಂದ ಮುಂದೆ ವಿಶ್ವಾಸವಿಡಲಿದ್ದ ಎಲ್ಲರಿಗಾಗಿ ಪ್ರಾರ್ಥಿಸಿದರು. ಆ ಕೊನೆಯ ಗುಂಪಿನಲ್ಲಿ ನೀನೂ ಇದ್ದೀಯೆ. ತನ್ನ ಆತ್ಮದ ಬಾವಿಯಲ್ಲಿ ನೀರಿಲ್ಲದವನು ಇತರರಿಗೆ ಏನನ್ನು ಸೇದಿ ಕೊಟ್ಟಾನು? ಗುರುಗಳಾದ ನಮಗೆ ದಿನದ ನಿಯಮಿತ ವೇಳೆಗಳಲ್ಲಿ ಪ್ರಾರ್ಥನೆಗಳನ್ನು ಓದುವ ಕರ್ತವ್ಯವಿದೆ. ಗಡಿಯಾರ ನೋಡುತ್ತಾ, ಪುಟ ತಿರುವುತ್ತಾ, ಮನಸ್ಸು ಕಟ್ಟಡದ ಸಿಮೆಂಟಿನ ಲೆಕ್ಕದಲ್ಲಿರುವಾಗ ಅದನ್ನು ಓದಿ ಮುಗಿಸಿದ ದಿನಗಳು ನಮಗೂ ಇವೆ. ಶತಮಾನೋತ್ಸವದ ಈ ವರ್ಷದಲ್ಲಂತೂ ಹೆಚ್ಚು. ಅಮಾಲೇಕ್ಯರೊಡನೆ ಯುದ್ಧ ನಡೆದಾಗ ಮೋಶೆಯಂತಹವನ ಕೈಗಳೇ ಸೋತು ಇಳಿದವು. ಆರೋನನೂ ಹೂರನೂ ಎರಡು ಕಡೆ ನಿಂತು ಹೊತ್ತು ಮುಳುಗುವವರೆಗೆ ಆ ಕೈಗಳನ್ನು ಎತ್ತಿಹಿಡಿದರು. ನಿಮ್ಮ ಗುರುಗಳಿಗಾಗಿ ನೀವು ಪ್ರಾರ್ಥಿಸುತ್ತೀರೋ? ದೂರುವುದನ್ನು ಬಲ್ಲೆವು, ಪ್ರಾರ್ಥಿಸುವುದನ್ನು ಕೇಳುತ್ತಿದ್ದೇವೆ.

ಇನ್ನು ಸಮುದಾಯದ ಮಾತು. ಇದು ಕಹಿಯಾಗಿರುತ್ತದೆ, ಕ್ಷಮಿಸಬೇಕು.

ಪ್ರಭು ಕಲಿಸಿದ ಪ್ರಾರ್ಥನೆಯಲ್ಲಿ 'ನನ್ನ' ಎಂಬ ಶಬ್ದವಿಲ್ಲ, 'ನನಗೆ' ಎಂಬ ಶಬ್ದವೂ ಇಲ್ಲ. ಇರುವುದು 'ನಮ್ಮ', 'ನಮಗೆ' ಮಾತ್ರ. ಮೂರನೆಯ ಶತಮಾನದಲ್ಲಿಯೇ ಕಾರ್ಥೇಜಿನ ಧರ್ಮಾಧ್ಯಕ್ಷ ಸಂತ ಸಿಪ್ರಿಯಾನರು ಇದನ್ನು ಎತ್ತಿ ತೋರಿಸಿ, ಕ್ರೈಸ್ತನು ತನ್ನೊಬ್ಬನಿಗಾಗಿ ಅಲ್ಲ, ಇಡೀ ಜನಸಮೂಹಕ್ಕಾಗಿ ಪ್ರಾರ್ಥಿಸುತ್ತಾನೆಂದು ಬೋಧಿಸಿದರು. ನಾವೂ ಪ್ರತಿ ಭಾನುವಾರ ಕೈಜೋಡಿಸಿ ಅದನ್ನು ಹೇಳುತ್ತೇವೆ. ಆದರೆ ಈ ದೇವಾಲಯದಲ್ಲಿ ಎಡಗಡೆಯ ಸಾಲಿನವರು ಯಾರು, ಬಲಗಡೆಯ ಸಾಲಿನವರು ಯಾರು, ಏಕೆ ಹಾಗೆ ಕೂರುತ್ತಾರೆ ಎಂಬುದು ಹೊಸದಾಗಿ ಬಂದವರಿಗೆ ತಿಳಿಯದಿದ್ದರೂ ನಮಗೆಲ್ಲ ತಿಳಿದಿದೆ. ಹಬ್ಬದ ತೇರು ಮೊದಲು ಯಾವ ಬೀದಿಗೆ ಹೋಗಬೇಕೆಂಬ ಮಾತಿನಿಂದ ಆರಂಭವಾದ ಮನಸ್ತಾಪ ಅದು. ತೇರಿಗೆ ಚಕ್ರಗಳಿವೆ, ಅದು ಎಲ್ಲ ಬೀದಿಗಳಿಗೂ ಹೋಗಬಲ್ಲದು, ಹೋಗಲಾರದವರು ನಾವು. ಶಾಂತಿಯ ಕುರುಹನ್ನು ವಿನಿಮಯ ಮಾಡಿಕೊಳ್ಳಿರೆಂದು ಪೀಠದಿಂದ ಹೇಳಿದಾಗ ಕೈಗಳು ಹೇಗೆ ಕೆಲವರನ್ನು ದಾಟಿಕೊಂಡು ಮುಂದಿನವರ ಕಡೆಗೆ ಹೋಗುತ್ತವೆ ಎಂಬುದು ಮೇಲಿನಿಂದ ಚೆನ್ನಾಗಿ ಕಾಣುತ್ತದೆ. ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಸಹೋದರನೊಡನೆ ಒಂದಾಗಲು ಹೋಗಬೇಕೆಂದು ಪ್ರಭು ಹೇಳಿದ್ದು ಮತ್ತಾಯನ ಐದನೆಯ ಅಧ್ಯಾಯದಲ್ಲಿದೆ. ನಾವು ಕಾಣಿಕೆಯನ್ನು ಸ್ವೀಕರಿಸಿ ರಸೀದಿ ಕೊಟ್ಟಿದ್ದೇವೆ. ಒಂದು ವರ್ಷ ಗಲಾಟೆ ಬೇಡವೆಂದು ತೇರನ್ನೇ ನಿಲ್ಲಿಸಿದೆವು. ಅದನ್ನು ಆಗ ವಿವೇಕವೆಂದು ತಿಳಿದಿದ್ದೆವು. ಎರಡೂ ಕಡೆಯವರನ್ನು ಒಟ್ಟಿಗೆ ಮಂಡಿಯೂರಿಸುವ ಧೈರ್ಯ ನಮಗಿರಲಿಲ್ಲ ಎಂಬುದೇ ನಿಜ.

ಹಳೆಯ ಒಡಂಬಡಿಕೆಯ ಸಮುವೇಲನನ್ನು ನೆನೆದರೆ ನಾಚಿಕೆಯಾಗುತ್ತದೆ. ಜನರು ಅವನ ನಾಯಕತ್ವ ಸ್ಸಾಕೆಂದು ಅರಸನನ್ನು ಬೇಡಿದರು. ಮುಪ್ಪಿನಲ್ಲಿ ಅವನನ್ನು ಬದಿಗೆ ಸರಿಸಿದರು. ಅವರನ್ನು ಬೀಳ್ಕೊಡುವಾಗ ಅವನು ಶಪಿಸಲಿಲ್ಲ. ಈ ಜನರಿಗಾಗಿ ಪ್ರಾರ್ಥಿಸುವುದನ್ನು ತಾನು ಬಿಟ್ಟರೆ ಅದು ದೇವರಿಗೆ ವಿರುದ್ಧವಾದ ಪಾಪವೆಂದು ಹೇಳಿದನು. ಪಾಪನಿವೇದನೆಗೆ ಬಂದು ಪೂಜೆ ತಪ್ಪಿಸಿದ್ದನ್ನು, ಸುಳ್ಳಾಡಿದ್ದನ್ನು ಹೇಳುವವರಿದ್ದಾರೆ. ನೆರೆಯವರಿಗಾಗಿ ಪ್ರಾರ್ಥಿಸಲಿಲ್ಲ ಎಂಬುದನ್ನು ಪಾಪವೆಂದು ಹೇಳಿದವರನ್ನು ನಾವು ಕಂಡದ್ದು ತೀರ ವಿರಳ. ನಾವೂ ಹೇಳಿದ್ದು ಕಡಿಮೆ.

ಸಮುದಾಯವೆಂದರೆ ನಮ್ಮ ಜ್ಞಾನಸ್ನಾನದ ದಾಖಲೆ ಪುಸ್ತಕದಲ್ಲಿರುವ ಹೆಸರುಗಳು ಮಾತ್ರವೇ? ಬಾಬಿಲೋನಿಗೆ ಸೆರೆಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯನು ಪತ್ರ ಬರೆದು, ತಮ್ಮನ್ನು ಸೆರೆಯೊಯ್ದ ಆ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಬೇಕೆಂದು ತಿಳಿಸಿದನು. ಹೀಗಿರುವಾಗ ನೂರು ವರ್ಷಗಳಿಂದ ನಮಗೆ ನೀರು, ನೆರಳು, ನೆರೆಹೊರೆ ನೀಡಿರುವ ಈ ಊರಿಗಾಗಿ, ಇಲ್ಲಿನ ಹಿಂದೂ ಮುಸಲ್ಮಾನ ಬಂಧುಗಳಿಗಾಗಿ ನಾವು ಪ್ರಾರ್ಥಿಸುವುದು ಉಪಕಾರವಲ್ಲ, ಋಣ. 1963ರಲ್ಲಿ ವ್ಯಾಟಿಕನ್ ಮಹಾಸಭೆಯು ದೈವಾರಾಧನೆಯ ಸಂವಿಧಾನದಲ್ಲಿ ವಿಶ್ವಾಸಿಗಳ ಪ್ರಾರ್ಥನೆಯನ್ನು ಮತ್ತೆ ಜಾರಿಗೆ ತಂದದ್ದು ಇದಕ್ಕಾಗಿಯೇ: ಧರ್ಮಸಭೆಗಾಗಿ, ಆಡಳಿತ ನಡೆಸುವವರಿಗಾಗಿ, ಕಷ್ಟದಲ್ಲಿರುವವರಿಗಾಗಿ, ಎಲ್ಲ ಮನುಷ್ಯರಿಗಾಗಿ ಜನರೇ ಪ್ರಾರ್ಥಿಸಲೆಂದು. ನಾವು ಅದನ್ನು ಅಚ್ಚಾದ ಪುಸ್ತಕದಿಂದ ಓದಿ ಮುಗಿಸುತ್ತೇವೆ. ಒಮ್ಮೆ ನಮ್ಮ ವಾಚಕರೊಬ್ಬರು ಮಳೆಗಾಗಿ ಅತ್ಯಂತ ಗಂಭೀರವಾಗಿ ಪ್ರಾರ್ಥಿಸುತ್ತಿದ್ದಾಗ ಹೊರಗೆ ಮಳೆ ಧೋ ಎಂದು ಸುರಿಯುತ್ತಿತ್ತು. ಎಲ್ಲರೂ ಭಕ್ತಿಯಿಂದಲೇ ಉತ್ತರ ಕೊಟ್ಟರು. ದೇವರು ನಕ್ಕಿರಬೇಕು.

ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯ ಹಳೆಯ ದೇವಾಲಯವನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಗುರುಗಳು ಕಟ್ಟಿಸಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದಾಗ ಊರು ಎದ್ದುಹೋಯಿತು. ಈಗ ಮಳೆಗಾಲದಲ್ಲಿ ನೀರು ಒಳಗೆ ಬಂದು ನಿಲ್ಲುತ್ತದೆ, ಬೇಸಿಗೆಯಲ್ಲಿ ಹಿಂದೆ ಸರಿಯುತ್ತದೆ, ಗೋಡೆಗಳು ಶಿಥಿಲವಾಗುತ್ತಿವೆ. ನಾವು ಅಲ್ಲಿಗೆ ಹೋಗಿದ್ದಾಗ ಪ್ರವಾಸಿಗರು ಛಾಯಾಚಿತ್ರ ತೆಗೆದುಕೊಳ್ಳುತ್ತಿದ್ದರು. ಪೀಠವಿದ್ದ ಸ್ಥಳದಲ್ಲಿ ನಿಂತು ನಾವು ಯೋಚಿಸಿದ್ದು ಇಷ್ಟೇ: ಇಲ್ಲಿಂದ ಗಂಟುಮೂಟೆ ಕಟ್ಟಿಕೊಂಡು ಹೊರಟ ಸಂಸಾರಗಳು ಕಲ್ಲನ್ನು ಕೊಂಡೊಯ್ಯಲು ಆಗಲಿಲ್ಲ. ಬಾಯಲ್ಲಿದ್ದ ಪ್ರಾರ್ಥನೆಯನ್ನು ಕೊಂಡೊಯ್ದರು. ನಮ್ಮ ಗೋಡೆಗಳಿಗೆ ಈಗ ತಾನೇ ಬಣ್ಣವಾಗಿದೆ. ನಮ್ಮನ್ನು ಯಾರಾದರೂ ಇಲ್ಲಿಂದ ಎಬ್ಬಿಸಿದರೆ ಕೊಂಡೊಯ್ಯಲು ಏನಿದೆ?

ಕೊನೆಯದಾಗಿ ಒಂದು ಪ್ರಕಟಣೆ. ಹಿಂದೆ ನಮ್ಮ ಗೋಪುರದ ಗಂಟೆಯನ್ನು ಸಂಜೆ ಏಳಕ್ಕೆ ಬಾರಿಸುತ್ತಿದ್ದರೆಂದೂ, ಅದನ್ನು ಕೇಳಿದ ಕೂಡಲೇ ಮನೆಮನೆಯಲ್ಲಿ ದೀಪದ ಮುಂದೆ ಕೂರುತ್ತಿದ್ದರೆಂದೂ ಹಿರಿಯರು ಹೇಳುತ್ತಾರೆ. ಗಂಟೆ ಬಾರಿಸುತ್ತಿದ್ದವರು ತೀರಿಕೊಂಡ ಮೇಲೆ ಅದು ನಿಂತಿತು. ಯಾರೂ ಮುಂದೆ ಬರಲಿಲ್ಲ, ನಾವೂ ಕೇಳಲಿಲ್ಲ. ಬರುವ ಸೋಮವಾರದಿಂದ ಆ ಗಂಟೆ ಮತ್ತೆ ಬಾರಿಸುತ್ತದೆ. ಅದನ್ನು ಬಾರಿಸಲು ಒಪ್ಪಿಕೊಂಡಿರುವವನು, ಆಗಲೇ ಹೇಳಿದೆವಲ್ಲ, ಆಸ್ಪತ್ರೆಯ ಹೊರಗೆ ನಿಂತಿದ್ದ ಆ ಮಗ. ಈಗ ಅವನು ಊರಿಗೆ ಹಿಂದಿರುಗಿ ಇಲ್ಲಿಯೇ ನೆಲೆಸಿದ್ದಾನೆ. ವಾರದಲ್ಲಿ ಎರಡು ದಿನ ಅವನಿಗೆ ರಾತ್ರಿ ಪಾಳಿಯಿದೆ. ಆ ಎರಡು ದಿನ ಹಗ್ಗ ಎಳೆಯಲು ಎಡಗಡೆಯ ಸಾಲಿನಿಂದ ಒಬ್ಬರು, ಬಲಗಡೆಯ ಸಾಲಿನಿಂದ ಒಬ್ಬರು ಬೇಕಾಗಿದ್ದಾರೆ. ಹೆಸರು ಕೊಡುವವರು ಪೂಜೆಯ ನಂತರ ಗುರುನಿವಾಸಕ್ಕೆ ಬನ್ನಿರಿ. ನಾವು ಬಾಗಿಲು ತೆರೆದಿಟ್ಟು ಕಾಯುತ್ತಿರುತ್ತೇವೆ.